ಪುನಶ್ಚೇತನ ಸೇವೆ ಸಾಕಷ್ಟಿದೆಯಾ ಅಂತ ಒಂದು ದೇಶ ಹೇಗೆ ಅಳೆಯುತ್ತದೆ?

ಪುನಶ್ಚೇತನ ಅಂದರೆ ಪೆಟ್ಟು, ಕಾಯಿಲೆಯ ನಂತರ ಮತ್ತೆ ದಿನನಿತ್ಯದ ಕೆಲಸ ಮಾಡುವಂತಾಗಲು ಸಿಗುವ ನೆರವು. ಫಿಸಿಯೋಥೆರಪಿ, ಮಾತಿನ ತರಬೇತಿ, ಕೃತಕ ಕಾಲು, ಗಾಲಿಕುರ್ಚಿ ಎಲ್ಲ ಇದರಲ್ಲೇ ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೊಂದು ಮಾರ್ಗದರ್ಶಿ ಕೊಟ್ಟಿದೆ: ಮೊದಲು ಈಗಿನ ಸ್ಥಿತಿ ಅಳೆಯಬೇಕು, ಆಮೇಲೆ ಯೋಜನೆ, ಅದರ ಮೇಲೆ ಕಣ್ಣಿಡುವ ವ್ಯವಸ್ಥೆ, ನಂತರ ಜಾರಿ. ಅಳೆಯುವುದೆಂದರೆ ಸುಮ್ನೆ ಆಸ್ಪತ್ರೆ ಎಣಿಸುವುದಲ್ಲ. ತರಬೇತಾದವರು ಎಷ್ಟು, ಖರ್ಚು ಯಾರದ್ದು, ಸೇವೆ ಮನೆಗೆಷ್ಟು ಹತ್ತಿರ ಅಂತ ನೋಡಬೇಕು.

ನನಗೆ ಈ ಕೊನೆಯದೇ ಜಾಸ್ತಿ ಮುಖ್ಯ. ಶಿರಸಿ ಕಡೆಯ ನಮ್ಮ ತೋಟದಲ್ಲಿ ಕೊನೆಗೌಡರೊಬ್ಬರು (ಮರ ಹತ್ತಿ ಅಡಿಕೆ ಕೊನೆ ಇಳಿಸುವವರು) ಅಡಿಕೆ ಮರದಿಂದ ಬಿದ್ದರು. ಆಪರೇಷನ್ ಚೆನ್ನಾಗೇ ಆಯಿತು. ಆದರೆ ವ್ಯಾಯಾಮಕ್ಕೆ ವಾರಕ್ಕೆ ಮೂರು ಸಲ, ಊರುಗೋಲು ಹಿಡಿದು ಎರಡು ಬಸ್ ಹತ್ತಬೇಕಿತ್ತು. ಎರಡೇ ವಾರಕ್ಕೆ ಬಿಟ್ಟರು. ಮೊಣಕಾಲು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ತಾಲೂಕು ಆಸ್ಪತ್ರೆಯಲ್ಲೇ ಫಿಸಿಯೋಥೆರಪಿಸ್ಟ್ ಇದ್ದು, ಮನೆಗೇ ಬಂದು ವ್ಯಾಯಾಮ ಮಾಡಿಸುವವರೂ ಸಿಕ್ಕಿದ್ದರೆ ಅವರು ಮತ್ತೆ ಮರ ಹತ್ತುತ್ತಿದ್ದರೇನೋ.