36 ಪರ್ಸೆಂಟ್ ಅಂದರೆ ಎಷ್ಟು ಜನ?

ನಿಮ್ಮ ಪ್ರಶ್ನೆ ಉದ್ದ ಇದೆ, ನಾನು ಹಿಡಿದುಕೊಂಡದ್ದು ಇಷ್ಟು. ಅಪ್ಪನಿಗೆ 56, ಊರು ಅರಕಲಗೂಡಿನ ಕಡೆ. ಬಿಪಿ ಇದೆ, ಬೀಡಿ ಸೇದುತ್ತಾರೆ, ಎದೆನೋವು ಒಮ್ಮೆಯೂ ಬಂದಿಲ್ಲ. ಹಾಸನದ ಹೃದಯಾಘಾತದ ಸುದ್ದಿಗೆ ಹೆದರಿ ಚೆಕಪ್‌ಗೆ ಹೋದಾಗ ಡಾಕ್ಟರು ಕೊಲೆಸ್ಟರಾಲ್ ಇಳಿಸುವ ಅಟೋರ್ವಾಸ್ಟಾಟಿನ್ 10 ಮಿಲಿಗ್ರಾಂ ಬರೆದಿದ್ದಾರೆ. ಪರಿಚಯದ ಮೆಡಿಕಲ್ ರೆಪ್ ಒಬ್ಬರು ‘ಹಾರ್ಟ್ ಅಟ್ಯಾಕ್ 36 ಪರ್ಸೆಂಟ್ ಕಡಿಮೆ ಆಗುತ್ತೆ’ ಅಂದರು. ಪಕ್ಕದ ಮನೆಯವರು ‘ಲಿವರ್ ಹೋಗುತ್ತೆ, ಮೈಕೈ ನೋವು ಶುರುವಾಗುತ್ತೆ’ ಅಂದರು. ಯಾರನ್ನು ನಂಬಲಿ, ಜೊತೆಗೆ ಎಕೋಸ್ಪ್ರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್) ಹಾಕಿಸಲಾ, ಜನೌಷಧಿ ಮಾತ್ರೆ ನಡೆಯುತ್ತಾ ಅನ್ನುವುದು ನಿಮ್ಮ ಕೇಳಿಕೆ.

ನಾನೂ ಹಾಸನದವನೇ, ಮೆಡಿಕಲ್ ವಿದ್ಯಾರ್ಥಿಗಳಿಗೆ ಫಾರ್ಮಕಾಲಜಿ ಪಾಠ ಮಾಡುತ್ತೇನೆ. ನಿಮ್ಮ ತಂದೆಯನ್ನು ನೋಡದೆ ‘ತಗೊಳ್ಳಿ’, ‘ಬಿಡಿ’ ಎಂದು ಹೇಳುವ ಹಾಗಿಲ್ಲ. ಲೆಕ್ಕ ಹಾಕುವ ದಾರಿ ಹೇಳಬಲ್ಲೆ. ರೆಪ್ ಆಗಲಿ, ಪಕ್ಕದ ಮನೆಯವರಾಗಲಿ ಪೂರ್ತಿ ಸುಳ್ಳು ಹೇಳಿಲ್ಲ. ಎಷ್ಟರಲ್ಲಿ ಎಷ್ಟು ಅನ್ನುವುದನ್ನು ಮಾತ್ರ ಇಬ್ಬರೂ ನುಂಗಿಕೊಂಡಿದ್ದಾರೆ.

ನಿಮ್ಮನ್ನು ಹೆದರಿಸಿದ ಸುದ್ದಿಯಲ್ಲೂ ಇದೇ ಕೊರತೆ ಇತ್ತು. 2025ರ ಮೇ, ಜೂನ್‌ನಲ್ಲಿ ಸುಮಾರು 40 ದಿನಗಳಲ್ಲಿ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಎಂದು ಟಿವಿಯವರು ದಿನಾ ಎಣಿಸಿದರು. ಜನ ಮೈಸೂರಿನ ಜಯದೇವ ಹೃದಯ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಈಗ ಒಂದು ಒರಟು ಲೆಕ್ಕ ನೋಡಿ. 2011ರ ಗಣತಿಯ ಪ್ರಕಾರ ಹಾಸನ ಜಿಲ್ಲೆಯಲ್ಲಿ 17.76 ಲಕ್ಷ ಜನ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸಾವಿರಕ್ಕೆ ಆರೇಳು ಜನ ಸಾಯುತ್ತಾರೆ ಎಂದು ಹಿಡಿದರೆ, 40 ದಿನಗಳಲ್ಲಿ ಜಿಲ್ಲೆಯಲ್ಲಿ ಸಾವಿರದ ಮೇಲೆ ಸಾವು ಆಗಿಯೇ ಆಗುತ್ತದೆ. ದೇಶದಲ್ಲಿ ಸಾವಿನ ಸುಮಾರು ಕಾಲು ಭಾಗ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ. ಅಂದರೆ ಮುನ್ನೂರರ ಆಸುಪಾಸು. ಸುದ್ದಿಯಾದವು ಇಪ್ಪತ್ತು ಚಿಲ್ಲರೆ! ಚಿಕ್ಕ ವಯಸ್ಸಿನವರು ಇದ್ದದ್ದರಿಂದ ಅವು ಸುದ್ದಿಯಾದವು, ಆ ಸಂಕಟ ಸುಳ್ಳಲ್ಲ. ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಜುಲೈನಲ್ಲಿ ವರದಿ ಕೊಟ್ಟಾಗ, ಪಟ್ಟಿಯಲ್ಲಿದ್ದ ಕೆಲವು ಸಾವು ಹೃದಯದ್ದೇ ಅಲ್ಲ, ಹಠಾತ್ ಏರಿಕೆಯೂ ಕಾಣಲಿಲ್ಲ, ಕೋವಿಡ್ ಲಸಿಕೆಯ ನಂಟೂ ಇಲ್ಲ ಎಂದಿತು. ಆದರೆ ನನ್ನನ್ನು ಕೇಳಿದರೆ, ಹೆದರಬೇಕಾದದ್ದು ಆ ಇಪ್ಪತ್ತಕ್ಕಲ್ಲ. ಪ್ರತಿ 40 ದಿನಕ್ಕೊಮ್ಮೆ ಯಾವ ಚಾನೆಲ್‌ಗೂ ಬಾರದೆ ಹೋಗುವ ಆ ಮುನ್ನೂರಕ್ಕೆ.

ಈಗ ರೆಪ್ ಹೇಳಿದ 36. ಅದು ಎಲ್ಲಿಂದ ಬಂತು ಎಂದು ನನಗೆ ಗೊತ್ತು, ಏಕೆಂದರೆ ಪ್ರತಿ ವರ್ಷ ಕ್ಲಾಸಿನಲ್ಲಿ ಇದೇ ಉದಾಹರಣೆ ಕೊಡುತ್ತೇನೆ. ಬ್ರಿಟನ್, ಐರ್ಲೆಂಡ್ ಮತ್ತು ಉತ್ತರ ಯುರೋಪಿನ ದೇಶಗಳಲ್ಲಿ ಬಿಪಿ ಇರುವ, ಜೊತೆಗೆ ಇನ್ನೂ ಕನಿಷ್ಠ ಮೂರು ಅಪಾಯದ ಅಂಶಗಳಿರುವ 10,305 ಜನರ ಮೇಲೆ ನಡೆದ ಆಸ್ಕಾಟ್ ಅನ್ನುವ ಪ್ರಯೋಗ. 2003ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಅಟೋರ್ವಾಸ್ಟಾಟಿನ್ 10, ಉಳಿದವರಿಗೆ ನೋಡಲು ಹಾಗೇ ಇರುವ, ಒಳಗೆ ಔಷಧಿ ಇಲ್ಲದ ಮಾತ್ರೆ. ಸರಾಸರಿ ಮೂರು ವರ್ಷ ಚಿಲ್ಲರೆ ಕಳೆಯುವಾಗ ಔಷಧಿ ಇಲ್ಲದ ಗುಂಪಿನಲ್ಲಿ 154 ಜನರಿಗೆ ಹೃದಯಾಘಾತ ಅಥವಾ ಅದರಿಂದ ಸಾವು, ಔಷಧಿಯ ಗುಂಪಿನಲ್ಲಿ 100 ಜನರಿಗೆ. ಶೇಕಡಾವಾರು ನೋಡಿದರೆ ನೂರಕ್ಕೆ 3 ಇದ್ದದ್ದು 1.9ಕ್ಕೆ ಇಳಿಯಿತು. 3ರಿಂದ 1.9ಕ್ಕೆ ಇಳಿದದ್ದನ್ನು ‘36 ಪರ್ಸೆಂಟ್ ಇಳಿಕೆ’ ಎಂದೂ ಹೇಳಬಹುದು, ‘ನೂರಕ್ಕೆ ಒಬ್ಬರಿಗೆ ಉಪಯೋಗ’ ಎಂದೂ ಹೇಳಬಹುದು. ಎರಡೂ ನಿಜ. ಮಾರುವವರು ಮೊದಲನೆಯದನ್ನು ಹೇಳುತ್ತಾರೆ, ಬೇಡ ಅನ್ನುವವರು ಎರಡನೆಯದನ್ನು. ಸುಮಾರು 90 ಜನ ಮೂರು ವರ್ಷ ಮಾತ್ರೆ ನುಂಗಿದರೆ ಒಬ್ಬರ ಹೃದಯಾಘಾತ ತಪ್ಪುತ್ತದೆ, ಆ ಒಬ್ಬರು ಯಾರೆಂದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ.

ಔಷಧಿ ಇಲ್ಲದ ಮಾತ್ರೆ ಯಾಕೆ ಕೊಡಬೇಕು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ, ಮೋಸ ಅಲ್ಲವಾ ಅಂತ. ನಮ್ಮ ಕಡೆ ಆಲೂಗಡ್ಡೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಔಷಧಿ ಹೊಡೆದದ್ದಕ್ಕೆ ಅಂಗಮಾರಿ ರೋಗ ನಿಂತಿತೋ, ಮಳೆ ಬಿಟ್ಟು ಬಿಸಿಲು ಬಿದ್ದದ್ದಕ್ಕೆ ನಿಂತಿತೋ ಎಂದು ತಿಳಿಯಬೇಕಾದರೆ ಅದೇ ಹೊಲದಲ್ಲಿ ಔಷಧಿ ಹೊಡೆಯದ ನಾಲ್ಕು ಸಾಲು ಇರಬೇಕು. ಯಾವ ಸಾಲು ಬಿಡುವುದು ಎಂಬುದನ್ನೂ ನಮ್ಮಿಷ್ಟಕ್ಕೆ ಆರಿಸಬಾರದು, ಚೀಟಿ ಎತ್ತಬೇಕು. ಇಲ್ಲದಿದ್ದರೆ ಒಳ್ಳೆಯ ಗಿಡಗಳಿಗೇ ಔಷಧಿ ಹೊಡೆದು ಬೀಗುತ್ತೇವೆ. 1948ರಲ್ಲಿ ಬ್ರಿಟನ್ನಿನಲ್ಲಿ ಸ್ಟ್ರೆಪ್ಟೊಮೈಸಿನ್ ಕ್ಷಯಕ್ಕೆ ಆಗುತ್ತದೆಯೇ ಎಂದು ನೋಡಿದ ಪ್ರಯೋಗ ಹೆಸರಾದದ್ದು ಹೀಗೆ ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಹಂಚಿದ್ದಕ್ಕೇ. ನಮ್ಮಲ್ಲೂ 1950ರ ದಶಕದಲ್ಲಿ ಮದ್ರಾಸಿನಲ್ಲಿ ಕ್ಷಯರೋಗಿಗಳನ್ನು ಹಾಗೆಯೇ ಹಂಚಿ, ಮನೆಯಲ್ಲೇ ಮಾತ್ರೆ ತಿಂದವರೂ ಸ್ಯಾನಟೋರಿಯಂ ಎಂಬ ಕ್ಷಯದ ಆಸ್ಪತ್ರೆಯಲ್ಲಿ ಮಲಗಿದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆ ಎಂದು ತೋರಿಸಿದರು. ಜಗತ್ತಿನ ಕ್ಷಯ ಚಿಕಿತ್ಸೆಯ ದಿಕ್ಕೇ ಅದರಿಂದ ಬದಲಾಯಿತು. ಇದನ್ನು ನಮ್ಮವರೇ ಹೆಚ್ಚು ಹೇಳಿಕೊಳ್ಳುವುದಿಲ್ಲ, ಅದೊಂದು ಬೇಸರ.

ಸರಿ, ನಿಮ್ಮ ತಂದೆಗೆ ಆಗುವ ಉಪಯೋಗ ಎಷ್ಟು? ಅದನ್ನು ತೀರ್ಮಾನಿಸುವುದು ಮಾತ್ರೆಗಿಂತ ಮೊದಲು ಅವರ ಈಗಿನ ಅಪಾಯ. ಎಲ್‌ಡಿಎಲ್ ಅನ್ನುವ ‘ಕೆಟ್ಟ’ ಕೊಲೆಸ್ಟರಾಲ್ ಸುಮಾರು 39 ಮಿಲಿಗ್ರಾಂನಷ್ಟು ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥವು ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಕಡಿಮೆಯಾಗುತ್ತವೆ ಎಂದು ಅನೇಕ ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ತಿಳಿದಿದೆ. ಅನುಕೂಲಕ್ಕೆ ಕಾಲು ಭಾಗ ಎಂದಿಟ್ಟುಕೊಳ್ಳೋಣ. ಮುಂದಿನ ಹತ್ತು ವರ್ಷದಲ್ಲಿ ಒಬ್ಬರ ಅಪಾಯ ನೂರಕ್ಕೆ 16 ಇದ್ದರೆ ಅದು 12ಕ್ಕೆ ಇಳಿಯುತ್ತದೆ. ಅಂಥ 25 ಜನ ತೆಗೆದುಕೊಂಡರೆ ಒಬ್ಬರು ಉಳಿದುಕೊಳ್ಳುತ್ತಾರೆ. ಬೀಡಿ ಇಲ್ಲದ, ಬಿಪಿ ಇಲ್ಲದ ಯುವಕನ ಅಪಾಯ ನೂರಕ್ಕೆ 2 ಇದ್ದರೆ ಅದು ಒಂದೂವರೆಗೆ ಇಳಿಯುತ್ತದೆ, ಅಂಥ 200 ಜನರಲ್ಲಿ ಒಬ್ಬರಿಗೆ ಉಪಯೋಗ. ಮಾತ್ರೆಯೂ ಅದೇ, ಪರ್ಸೆಂಟೂ ಅದೇ, ಫಲ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ದಕ್ಷಿಣ ಏಷ್ಯಾಕ್ಕೇ ಬೇರೆ ಚಾರ್ಟ್ ಮಾಡಿದೆ. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ತಂಬಾಕು, ಕೊಲೆಸ್ಟರಾಲ್ ಹಾಕಿದರೆ ಹತ್ತು ವರ್ಷದ ಅಪಾಯ ಯಾವ ಬಣ್ಣದ ಮನೆಯಲ್ಲಿದೆ ಎಂದು ಕಾಣುತ್ತದೆ. ಡಾಕ್ಟರ ಹತ್ತಿರ ‘ಅಪ್ಪ ಯಾವ ಮನೆಯಲ್ಲಿದ್ದಾರೆ ಸಾರ್’ ಎಂದೇ ಕೇಳಿ. ಕೋಪ ಮಾಡಿಕೊಂಡರೆ ಅದೂ ಒಂದು ಮಾಹಿತಿ.

ಆಸ್ಕಾಟ್‌ನಲ್ಲಿ ಇದ್ದವರು ಬಹುಪಾಲು ಬಿಳಿಯರು, ಗಂಡಸರು. ಅವರ ಫಲಿತಾಂಶ ಅರಕಲಗೂಡಿನವರಿಗೆ ಹೊಂದುತ್ತದೆಯೇ ಎಂದು ಅನುಮಾನಿಸುವುದು ಸರಿಯೇ. ಆದರೆ ಇಲ್ಲಿ ಅನುಮಾನ ಮಾತ್ರೆಯ ಪರವಾಗಿ ವಾಲುತ್ತದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬಂದ ವಯಸ್ಸು ಸುಮಾರು 53, ಉಳಿದವರಿಗೆ 59ರ ಹತ್ತಿರ. ನಿಮ್ಮ ತಂದೆ 56. ಮೇಲೆ ಬೀಡಿ. ನಿಜ ಹೇಳಬೇಕೆಂದರೆ, ಅಟೋರ್ವಾಸ್ಟಾಟಿನ್ ಬಗ್ಗೆ ಇಷ್ಟು ತಲೆಕೆಡಿಸಿಕೊಂಡ ನೀವು ಬೀಡಿಯ ಬಗ್ಗೆ ಅರ್ಧ ಸಾಲು ಬರೆದದ್ದು ನನಗೆ ವಿಚಿತ್ರ ಅನ್ನಿಸಿತು. ಬೀಡಿ ಬಿಟ್ಟ ಒಂದೆರಡು ವರ್ಷದಲ್ಲೇ ಹೃದಯದ ಅಪಾಯ ಗಣನೀಯವಾಗಿ ಇಳಿಯುತ್ತದೆ, ಅದಕ್ಕೆ ರೆಪ್ ಬರುವುದಿಲ್ಲ ಅಷ್ಟೆ.

ಪಕ್ಕದ ಮನೆಯವರ ಮಾತಿಗೆ ಬರೋಣ. ಲಿವರಿಗೆ ದೊಡ್ಡ ಪೆಟ್ಟು ಬಹಳ ಅಪರೂಪ. ರಕ್ತಪರೀಕ್ಷೆಯಲ್ಲಿ ಎಂಜೈಮ್ ಸ್ವಲ್ಪ ಏರಿ ತಾನೇ ಇಳಿಯುವುದು ಉಂಟು. ಸಕ್ಕರೆ ಕಾಯಿಲೆ ತುಸು ಹೆಚ್ಚಾಗುವುದು ನಿಜ, 255 ಜನ ನಾಲ್ಕು ವರ್ಷ ತೆಗೆದುಕೊಂಡರೆ ಒಬ್ಬರಿಗೆ ಹೆಚ್ಚುವರಿಯಾಗಿ. ಮೈಕೈ ನೋವಿನ ಕಥೆ ಇನ್ನೂ ಸ್ವಾರಸ್ಯದ್ದು. ಸ್ಟಾಟಿನ್ (ಅಟೋರ್ವಾಸ್ಟಾಟಿನ್ ಸೇರಿರುವ ಮಾತ್ರೆಗಳ ಗುಂಪು) ತಡೆಯಲಾಗದೆ ಬಿಟ್ಟಿದ್ದ 60 ಜನರನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಸೇರಿಸಿ, ಒಬ್ಬೊಬ್ಬರಿಗೂ 12 ಡಬ್ಬಿ ಕೊಟ್ಟರು. ತಿಂಗಳಿಗೊಂದು ಡಬ್ಬಿ. ನಾಲ್ಕರಲ್ಲಿ ಅಟೋರ್ವಾಸ್ಟಾಟಿನ್, ನಾಲ್ಕರಲ್ಲಿ ಔಷಧಿ ಇಲ್ಲದ ಮಾತ್ರೆ, ನಾಲ್ಕು ಖಾಲಿ. ದಿನಾ ನೋವು ಮುಂತಾದ ತೊಂದರೆಗೆ ನೂರಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ಖಾಲಿ ತಿಂಗಳಲ್ಲಿ ಸರಾಸರಿ 8, ಔಷಧಿ ಇಲ್ಲದ ಮಾತ್ರೆಯಲ್ಲಿ 15.4, ನಿಜವಾದ ಮಾತ್ರೆಯಲ್ಲಿ 16.3. ನೋವು ಸುಳ್ಳಲ್ಲ ನೋಡಿ, ಅವರು ನಿಜವಾಗಿಯೂ ಅನುಭವಿಸಿದರು. ಆದರೆ ಅದರ ಹತ್ತರಲ್ಲಿ ಒಂಬತ್ತು ಪಾಲು ಮಾತ್ರೆ ನುಂಗುತ್ತಿದ್ದೇನೆ ಅನ್ನುವ ಅರಿವಿನಿಂದಲೇ ಬಂದದ್ದು. ಈ ಲೆಕ್ಕ ನೋಡಿದ ಮೇಲೆ ಅರ್ಧದಷ್ಟು ಜನ ಮತ್ತೆ ಮಾತ್ರೆ ಶುರು ಮಾಡಿದರು. ಅಪ್ಪನ ಎದುರು ಕೂತು ‘ಇದು ತಿಂದರೆ ಕಾಲು ಸೆಳೆಯುತ್ತಂತೆ’ ಅನ್ನುವವರನ್ನು ಸ್ವಲ್ಪ ದೂರ ಇಡಿ. ಆದರೆ ಸ್ನಾಯುಗಳಲ್ಲಿ ಜೋರು ನೋವು, ನಿಶ್ಶಕ್ತಿ, ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಬೇರೆಯೇ ವಿಷಯ, ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು.

ಈ ಅಪಾಯ ಹೆಚ್ಚುವುದು ಹೆಚ್ಚಾಗಿ ಇನ್ನೊಂದು ಔಷಧಿ ಅಡ್ಡ ಬಂದಾಗ. ಅಟೋರ್ವಾಸ್ಟಾಟಿನ್ ಅನ್ನು ಕರಗಿಸುವ ಲಿವರಿನ ಕಿಣ್ವವನ್ನು ಕ್ಲಾರಿಥ್ರೊಮೈಸಿನ್ ಅನ್ನುವ ಆ್ಯಂಟಿಬಯಾಟಿಕ್ ತಡೆಯುತ್ತದೆ, ಆಗ ರಕ್ತದಲ್ಲಿ ಔಷಧಿ ಏರುತ್ತದೆ. ಮಲೆನಾಡಿನ ಹಿತ್ತಲಿನ ಚಕ್ಕೋತಕ್ಕೂ ಅದೇ ಜಾತಿಯ ಗುಣ ಸ್ವಲ್ಪ ಇದೆ. ಎರಡು ತೊಳೆ ತಿಂದರೆ ಏನಾಗುವುದಿಲ್ಲ, ದಿನಾ ಇಡೀ ಹಣ್ಣಿನ ರಸ ಕುಡಿಯುವ ಅಭ್ಯಾಸ ಇದ್ದರೆ ಡಾಕ್ಟರಿಗೆ ಹೇಳಿ. ಕೆಮ್ಮು, ಜ್ವರಕ್ಕೆ ಬೇರೆ ಕಡೆ ತೋರಿಸುವಾಗ ಈ ಮಾತ್ರೆಯ ಸ್ಟ್ರಿಪ್ ಜೇಬಿನಲ್ಲಿರಲಿ.

ರಾತ್ರಿಯೇ ತಿನ್ನಬೇಕು ಅನ್ನುವುದು ಹಳೆಯ ಸ್ಟಾಟಿನ್‌ಗಳ ಮಾತು. ಸಿಮ್ವಾಸ್ಟಾಟಿನ್ ಕೆಲವೇ ಗಂಟೆಗಳಲ್ಲಿ ಮೈಯಿಂದ ಇಳಿದುಹೋಗುತ್ತದೆ, ಕೊಲೆಸ್ಟರಾಲ್ ತಯಾರಾಗುವುದು ರಾತ್ರಿ ಹೆಚ್ಚು, ಅದಕ್ಕೆ ರಾತ್ರಿ. ಅಟೋರ್ವಾಸ್ಟಾಟಿನ್ ಅರ್ಧಕ್ಕೆ ಇಳಿಯಲು ಸುಮಾರು 14 ಗಂಟೆ ಬೇಕು, ಮರೆಯದ ಹೊತ್ತಿಗೆ ತಿಂದರಾಯಿತು. ಇನ್ನೊಂದು, 10 ಕೊಟ್ಟಲ್ಲಿ 20 ಕೊಟ್ಟರೆ ಎರಡರಷ್ಟು ಕೆಲಸ ಆಗುವುದಿಲ್ಲ. ಡೋಸ್ ದುಪ್ಪಟ್ಟು ಮಾಡಿದಾಗಲೆಲ್ಲ ಎಲ್‌ಡಿಎಲ್ ಇನ್ನೊಂದು ಆರು ಪರ್ಸೆಂಟ್ ಇಳಿಯುತ್ತದೆ, ಅಷ್ಟೆ.

ಎಕೋಸ್ಪ್ರಿನ್ ನೀವಾಗಿಯೇ ಶುರು ಮಾಡಬೇಡಿ. ಹೃದಯಾಘಾತ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಬೇಕೇ ಬೇಕು. ಏನೂ ಆಗದವರಲ್ಲಿ 2018ರಲ್ಲಿ ಬಂದ ಮೂರು ದೊಡ್ಡ ಪ್ರಯೋಗಗಳಲ್ಲಿ ಉಪಯೋಗ ಕಾಣಲಿಲ್ಲ, ಇಲ್ಲವೇ ಕಂಡಷ್ಟನ್ನು ರಕ್ತಸ್ರಾವ ತಿಂದುಹಾಕಿತು.

ಜನೌಷಧಿ ಮಾತ್ರೆ ಧಾರಾಳವಾಗಿ ನಡೆಯುತ್ತದೆ. ಸ್ಟ್ರಿಪ್ ಮೇಲೆ ಅಟೋರ್ವಾಸ್ಟಾಟಿನ್, 10 ಮಿಲಿಗ್ರಾಂ ಎಂದಿರಬೇಕು, ಕಂಪನಿ ಹೆಸರು ಯಾವುದಾದರೂ ಇರಲಿ. ಅನುಮಾನ ಇದ್ದರೆ ಅದನ್ನು ಪರೀಕ್ಷಿಸುವುದು ಈ ಮಾತ್ರೆಯಲ್ಲಿ ಸುಲಭ. ಶುರು ಮಾಡುವ ಮುಂಚಿನ ಎಲ್‌ಡಿಎಲ್ ಬರೆದಿಟ್ಟುಕೊಳ್ಳಿ, ಆರು ವಾರ ತಪ್ಪದೆ ತಿಂದ ಮೇಲೆ ಅದೇ ಲ್ಯಾಬ್‌ನಲ್ಲಿ ಮತ್ತೆ ಮಾಡಿಸಿ. ಮೂರನೇ ಒಂದು ಭಾಗದಷ್ಟು ಇಳಿದಿದ್ದರೆ ಸ್ಟ್ರಿಪ್‌ನಲ್ಲಿ ಔಷಧಿ ಇದೆ, ಅಪ್ಪ ಅದನ್ನು ತಿನ್ನುತ್ತಲೂ ಇದ್ದಾರೆ. ಇಳಿಯದಿದ್ದರೆ ಮೊದಲು ಸ್ಟ್ರಿಪ್‌ನಲ್ಲಿ ಎಷ್ಟು ಮಾತ್ರೆ ಉಳಿದಿವೆ ಎಂದು ಎಣಿಸಿ, ಕಂಪನಿಯನ್ನು ಆಮೇಲೆ ಬೈಯಬಹುದು.