ಮಗ ಚರ್ಚಿನ ಒಳಗೆ ಬರುತ್ತಿಲ್ಲ

ಮೂಡಿಗೆರೆ ಕಡೆಯ ತಾಯಿಯೊಬ್ಬರ ಪತ್ರ ಈ ವಾರವಿಡೀ ನನ್ನನ್ನು ಕಾಡಿತು. ಗಂಡ ಕಾಫಿ ಎಸ್ಟೇಟಿನಲ್ಲಿ ರೈಟರ್. 24 ವರ್ಷದ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, "ನನಗೆ ಯಾವ ಧರ್ಮವೂ ಬೇಡ" ಎನ್ನುತ್ತಾನೆ. ಕಳೆದ ಕ್ರಿಸ್‌ಮಸ್‌ಗೆ ಅಜ್ಜಿಯನ್ನು ಚರ್ಚಿಗೆ ಕರೆತಂದು, ಬಲಿಪೂಜೆ (ಮಾಸ್ ಆರಾಧನೆ) ಮುಗಿಯುವವರೆಗೂ ಗೇಟಿನ ಹೊರಗೆ ಕೂತಿದ್ದನಂತೆ. ನಾದಿನಿ ಅಲ್ಲೇ ಎಲ್ಲರೆದುರು ಅವನ ಮರ್ಯಾದೆ ತೆಗೆದರು. ಬೇಗ ಕ್ರೈಸ್ತ ಹುಡುಗಿ ನೋಡಿ ಮದುವೆ ಮಾಡಿ, ಸರಿಹೋಗುತ್ತಾನೆ ಎಂಬ ಸಲಹೆಯೂ ಅವರದೇ.

ಅಮ್ಮಾ, ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ಸಾಲದು: ಮದುವೆ ಔಷಧಿಯಲ್ಲ. ಗಂಡನನ್ನು ಚರ್ಚಿಗೆ ಎಳೆದು ತರುವ ಕೆಲಸಕ್ಕೆಂದು ಯಾರದೋ ಮಗಳನ್ನು ಮನೆಗೆ ತರಬೇಡಿ. ಮುದುಕಿಯನ್ನು ಜೋಪಾನವಾಗಿ ಕರೆತಂದು ಕಾದ ಹುಡುಗನನ್ನು ಗೇಟಿನಲ್ಲಿ ಅವಮಾನಿಸಿದ ನಾದಿನಿಯ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಮಗನನ್ನು ಬೆಳೆಸಿದ್ದರಲ್ಲಿ ತಪ್ಪಾಯಿತೇ ಎಂದು ಕೇಳಿದ್ದೀರಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2011ರ ಜನಗಣತಿಯಲ್ಲಿ ಶೇ 59ರಷ್ಟು ಜನ ಕ್ರೈಸ್ತರೆಂದು ಬರೆಸಿದ್ದರು, 2021ರಲ್ಲಿ ಶೇ 46. ಅಲ್ಲಿನ ಅಮ್ಮಂದಿರೆಲ್ಲ ಪ್ರಾರ್ಥನೆ ಮರೆತದ್ದರಿಂದ ಹಾಗಾಗಲಿಲ್ಲ. ಪೋಪ್ ಫ್ರಾನ್ಸಿಸ್ 2019ರಲ್ಲಿ ಯುವಜನರಿಗೆ ಬರೆದಾಗ, ಅವರು ಚರ್ಚಿನಿಂದ ದೂರವಾಗುವ ಕಾರಣಗಳನ್ನು ಮುಚ್ಚಿಡಲಿಲ್ಲ: ಲೈಂಗಿಕ ಹಗರಣ, ಹಣದ ಹಗರಣ, ಹುಡುಗರ ಮನಸ್ಸು ಅರಿಯದ ಚರ್ಚಿನ ಗುರುಗಳು, ಪೂಜೆಯ ನಡುವೆ ಅವರು ತಯಾರಿಯಿಲ್ಲದೆ ಕೊಡುವ ಪ್ರಬೋಧನೆ.

ನಿಮ್ಮ ಮಗನ ಕಾರಣ ಬಹುಶಃ ನೀವೇ ಕೊನೆಯ ಸಾಲಿನಲ್ಲಿ ಬರೆದು ದಾಟಿಸಿಬಿಟ್ಟಿದ್ದೀರಿ. ಪಿಯುಸಿಯಲ್ಲಿದ್ದಾಗ ಧರ್ಮೋಪದೇಶದ ತರಗತಿಯಲ್ಲಿ ಏನೋ ಕೇಳಿದ್ದಕ್ಕೆ ಮೇಷ್ಟ್ರು ಹೊರಗೆ ಕಳಿಸಿದರು, ಆಮೇಲೆ ಅವನು ಹೋಗಲೇ ಇಲ್ಲ. ಅವನು ಕೇಳಿದ್ದಾದರೂ ಏನು? ಪತ್ರದಲ್ಲಿ ಇಲ್ಲ. ಮನೆಯಲ್ಲಿ ಯಾರೂ ವಿಚಾರಿಸಿದಂತೆಯೂ ಕಾಣುವುದಿಲ್ಲ. ಇಷ್ಟು ವರ್ಷ ಆ ಪ್ರಶ್ನೆಯನ್ನು ಅವನೊಬ್ಬನೇ ಇಟ್ಟುಕೊಂಡಿದ್ದಾನೆ.

ಬೈಬಲಿನಲ್ಲಿ ಲೂಕನ ಶುಭಸಂದೇಶದ 24ನೇ ಅಧ್ಯಾಯ ತೆಗೆಯಿರಿ. ಯೇಸು ಶಿಲುಬೆಯ ಮೇಲೆ ಸತ್ತ ನಂತರ ಇಬ್ಬರು ಶಿಷ್ಯರು ಭರವಸೆ ಕಳೆದುಕೊಂಡು ಜೆರುಸಲೇಮ್ ಬಿಟ್ಟು ಎಮ್ಮಾವು ಎಂಬ ಊರಿನ ಕಡೆ ಹೊರಟಿದ್ದಾರೆ. ಮರಳಿ ಜೀವಂತರಾಗಿ ಎದ್ದ ಯೇಸು ಅವರನ್ನು ಅಡ್ಡಗಟ್ಟಲಿಲ್ಲ. ಜೊತೆಗೆ ನಡೆಯುತ್ತಾ, ಏನು ಮಾತಾಡಿಕೊಳ್ಳುತ್ತಿದ್ದೀರಿ ಎಂದು ಕೇಳಿದರು. ಅವರು ಎಲ್ಲ ಹೇಳಿಕೊಂಡ ಮೇಲೆಯೇ ಬೋಧಿಸಿದ್ದು, ಗದರಿದ್ದೂ ಆಮೇಲೆಯೇ.

ನೀವು ಮಾಡಬೇಕಾದದ್ದು ಒಂದೇ. ಮಗ ಊರಿಗೆ ಬಂದಾಗ, ನಾದಿನಿ ಇಲ್ಲದ ಹೊತ್ತು ನೋಡಿ, "ಅವತ್ತು ತರಗತಿಯಲ್ಲಿ ಏನು ಕೇಳಿದ್ದೆ ಮಗಾ?" ಎನ್ನಿ. ಅವನು ಹೇಳಿ ಮುಗಿಸುವವರೆಗೂ ನಡುವೆ ಬಾಯಿ ಹಾಕಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳಿ. ಚರ್ಚಿಗೆ ಬಾ ಎಂದು ಮಾತ್ರ ಆ ದಿನ ಕರೆಯಬೇಡಿ.