ದುರ್ಗದ ಬಿಸಿಲಲ್ಲಿ ಕ್ರಿಸ್‌ಮಸ್ ಮರ, ಹುಲ್ಲಿನ ಸಿಂಬೆಗೆ ಹಸಿರು ಸುತ್ತು: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಹತ್ತು ಗುಂಟೆ ಮಸಾರಿ ಭೂಮಿಯನ್ನು ಕ್ರಿಸ್‌ಮಸ್ ಮರ ಬೆಳೆಸಲು ಬಿಡಬೇಕೆಂದಿದ್ದೇನೆ. ಬೋರ್‌ವೆಲ್ ನೀರಿದೆ, ಡ್ರಿಪ್ ಇದೆ. ಚಿತ್ರಗಳಲ್ಲಿ ಕಾಣುವ ಫರ್ ಮರ ನಮ್ಮಲ್ಲಿ ಬರುತ್ತದೆಯೇ?
— ಹೊಳಲ್ಕೆರೆ ತಾಲ್ಲೂಕಿನ ಓದುಗರು

ಉತ್ತರ: ಬರುವುದಿಲ್ಲ. ಫರ್, ಸ್ಪ್ರೂಸ್ ಚಳಿ ದೇಶದ ಮರಗಳು. ನಮ್ಮ ಏಪ್ರಿಲ್ ಬಿಸಿಲನ್ನು ಅವು ತಾಳುವುದಿಲ್ಲ. ಡಿಸೆಂಬರ್‌ನಲ್ಲಿ ನರ್ಸರಿಗಳಿಗೆ ಬರುವ ಗೋಲ್ಡನ್ ಸೈಪ್ರಸ್ ಕಂಡು ಮರುಳಾಗಬೇಡಿ. ತಂಪು ಊರಿನಲ್ಲಿ ಬೆಳೆದು ಬಂದ ಆ ಗಿಡ ಬೇಸಿಗೆ ಮುಗಿಯುವುದರೊಳಗೆ ಒಳಗಿನಿಂದ ಕಂದಾಗುತ್ತಾ ಬರುತ್ತದೆ.

ನಿಮ್ಮ ನೆಲಕ್ಕೆ ಒಗ್ಗುವುದು ಸರ್ವೆ, ಅಂದರೆ ಗಾಳಿಮರ. 5×5 ಅಡಿ ಅಂತರದಲ್ಲಿ ಹತ್ತು ಗುಂಟೆಗೆ ಸುಮಾರು 430 ಸಸಿ ಹಿಡಿಯುತ್ತವೆ. ಎಲ್ಲವನ್ನೂ ಒಂದೇ ವರ್ಷ ನೆಡಬೇಡಿ. ಜೂನ್‌ನಲ್ಲಿ ನೆಟ್ಟ ಸಸಿ ನೀರು ಸಿಕ್ಕರೆ ಮರುವರ್ಷದ ಡಿಸೆಂಬರ್‌ಗೆ ಆರೇಳು ಅಡಿ ದಾಟುತ್ತದೆ. ಅದರಾಚೆಗಿನ ಡಿಸೆಂಬರ್‌ಗೆ ಮನೆಯ ಬಾಗಿಲಲ್ಲಿ ತೂರದಷ್ಟು ಎತ್ತರವಾಗಿರುತ್ತದೆ. ಅಂದರೆ ಒಂದು ತಂಡದ ಗಿಡ ಮಾರಾಟಕ್ಕೆ ಹದವಾಗಿರುವುದು ಒಂದೇ ಹಬ್ಬಕ್ಕೆ. ಅರ್ಧ ಈ ಮಳೆಗಾಲ, ಇನ್ನರ್ಧ ಮುಂದಿನ ಮಳೆಗಾಲ ನೆಡಿ. ಮಾರದೆ ಉಳಿದ ಮರ ದಂಡವಲ್ಲ, ಇನ್ನೆರಡು ಮೂರು ವರ್ಷ ಬಿಟ್ಟರೆ ಗಳವಾಗಿ ಮಾರಬಹುದು. ಈ ಧೈರ್ಯ ಬೇರೆ ಯಾವ ಅಲಂಕಾರದ ಗಿಡದಲ್ಲೂ ಇಲ್ಲ.

ಒಂದಡಿ ಗುಣಿಗೆ ಎರಡು ಕೆ.ಜಿ. ಕೊಟ್ಟಿಗೆ ಗೊಬ್ಬರ, ಗೆದ್ದಲಿಗೆಂದು ಒಂದು ಹಿಡಿ ಬೇವಿನ ಹಿಂಡಿ ಹಾಕಿ. ಹಳೆಯ ಸರ್ವೆ ತೋಪಿನ ಬುಡದ ಮಣ್ಣು ಒಂದು ಬೊಗಸೆ ಸಿಕ್ಕರೆ ಅದನ್ನೂ ಸೇರಿಸಿ. ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ಆ ಮಣ್ಣಿನಲ್ಲಿದ್ದು, ಸಸಿಯ ಬೇರಿನಲ್ಲಿ ಗಂಟು ಕಟ್ಟುತ್ತದೆ. ನೀರು ನಿಲ್ಲುವ ಎರೆ ಭೂಮಿಯಲ್ಲಿ ಮಾತ್ರ ನೆಡಬೇಡಿ.

ತನ್ನಷ್ಟಕ್ಕೆ ಬಿಟ್ಟರೆ ಸರ್ವೆ ಕ್ರಿಸ್‌ಮಸ್ ಮರದ ಆಕಾರಕ್ಕೆ ಬರುವುದಿಲ್ಲ, ಪೊರಕೆಯಂತೆ ಕೆದರುತ್ತದೆ. ನಡುವಿನ ಸುಳಿ ಒಂದೇ ಇರಲಿ, ಜೋಡಿ ಸುಳಿ ಕಂಡರೆ ಸಣ್ಣದನ್ನು ತೆಗೆಯಿರಿ. ಪಕ್ಕದ ರೆಂಬೆಗಳ ತುದಿಯನ್ನು ಜೂನ್‌ನಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ ಕೆಳಗೆ ಅಗಲ, ಮೇಲೆ ಚೂಪಾಗುವಂತೆ ಸವರಿ. ಆರು ಅಡಿ ಮರಕ್ಕೆ ಬುಡದಲ್ಲಿ ನಾಲ್ಕು ಅಡಿ ಅಗಲ ಚೆಂದ. ಸೆಪ್ಟೆಂಬರ್ ದಾಟಿದ ಮೇಲೆ ಕತ್ತರಿ ಮುಟ್ಟಬೇಡಿ. ಕೊಯ್ದ ತುದಿಗಳ ಮೇಲೆ ಹೊಸ ಚಿಗುರು ಬಂದು ಮುಚ್ಚಲು ಎರಡು ತಿಂಗಳಾದರೂ ಬೇಕು, ಇಲ್ಲದಿದ್ದರೆ ಹಬ್ಬದ ಹೊತ್ತಿಗೆ ಮರದ ತುಂಬ ಮೊಂಡು ಕಡ್ಡಿಗಳೇ ಕಾಣುತ್ತವೆ. ಮಾರುವಾಗಲೂ ಬುಡಕ್ಕೆ ಕಡಿಯಬೇಡಿ. ಬರಿ ಬೊಡ್ಡೆಯಿಂದ ಸರ್ವೆ ಚಿಗುರುತ್ತದೆಂಬ ಭರವಸೆ ಇಲ್ಲ. ಕೆಳಗಿನ ಎರಡು ಮೂರು ಹಸಿರು ರೆಂಬೆ ಉಳಿಸಿ ಅದರ ಮೇಲೆ ಕತ್ತರಿಸಿದರೆ, ಅವುಗಳಲ್ಲೊಂದು ಮೇಲೆದ್ದು ಸುಳಿಯಾಗುತ್ತದೆ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದವರು ಕಳೆದ ಡಿಸೆಂಬರ್‌ನಲ್ಲಿ ಸರ್ವೆ ಸೊಪ್ಪಿನಿಂದ ಬಾಗಿಲಿಗೆ ತೂಗುಹಾಕುವ 60 ರೀತ್ (ಹಸಿರು ಸೊಪ್ಪಿನ ಬಳೆ) ಕಟ್ಟಿದೆವು. ತಂತಿ ಬಳೆಗೆ ನೈಲಾನ್ ದಾರದಿಂದ ಬಿಗಿದಿದ್ದೆವು. ನಾಲ್ಕೇ ದಿನಕ್ಕೆ ಸೊಪ್ಪು ಉದುರಿತು, ಸುತ್ತು ಸಡಿಲವಾಗಿ ಜೋತುಬಿತ್ತು. ತಪ್ಪು ಎಲ್ಲಾಯಿತು?
— ದಾವಣಗೆರೆಯ ಓದುಗರು

ಉತ್ತರ: ತಪ್ಪು ಎರಡು. ಮೊದಲನೆಯದು ಸೊಪ್ಪಿನ ಆಯ್ಕೆ. ಸರ್ವೆಯ ಒಂದು ‘ಎಲೆ’ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ, ಗೆಣ್ಣು ಗೆಣ್ಣಾಗಿ ಕಳಚಿಕೊಳ್ಳುತ್ತದೆ. ಅದು ಎಲೆಯಲ್ಲ, ಹಸಿರು ಕಡ್ಡಿ. ನಿಜವಾದ ಎಲೆಗಳು ಪ್ರತಿ ಗೆಣ್ಣಿನ ಸುತ್ತ ಹಲ್ಲಿನಂತೆ ಕಾಣುವ ಆರೆಂಟು ಚುಕ್ಕೆಗಳು ಮಾತ್ರ. ಒಣಗಿದಾಗ ಆ ಒಂದೊಂದು ಗೆಣ್ಣೂ ಮುರಿಯುವ ಜಾಗವೇ. ನಮ್ಮ ಡಿಸೆಂಬರ್ ಮಧ್ಯಾಹ್ನದ ಒಣಗಾಳಿಗೆ ಅದು ಬೇಗ ಉದುರುವುದು ಸಹಜ. ಸರ್ವೆಯನ್ನು ಕಾಲು ಭಾಗಕ್ಕೆ ಇಳಿಸಿ, ಅಂಚಿನ ಜುಟ್ಟಿಗೆ ಮಾತ್ರ ಬಳಸಿ. ಮೈ ತುಂಬಲು ಥೂಜಾ ಬೇಕು. ಅದರ ಚಪ್ಪಟೆ ಬೀಸಣಿಗೆ ಸೊಪ್ಪು ಒಣಗಿದರೂ ಬಹಳ ದಿನ ಕಡ್ಡಿ ಬಿಡುವುದಿಲ್ಲ. ನೀಲಗಿರಿ ಎಲೆ ಬಣ್ಣ ಮಾಸಿದರೂ ಆಕಾರ ಉಳಿಸಿಕೊಳ್ಳುತ್ತದೆ. ಸಿಲ್ವರ್ ಓಕ್ ಎಲೆಯ ಬೆಳ್ಳಿ ಬೆನ್ನು ಮೇಲೆ ಬರುವಂತೆ ಅಲ್ಲಲ್ಲಿ ಸಿಕ್ಕಿಸಿದರೆ ಬಹಳ ಚೆಂದ.

ಎರಡನೆಯ ತಪ್ಪು ದಾರ. ಹಸಿ ಕಡ್ಡಿ ಒಣಗುತ್ತಾ ಸೊರಗುತ್ತದೆ. ನೈಲಾನ್ ಜಾರುತ್ತದೆ, ಗಂಟು ಬಿಟ್ಟ ಕಡೆ ಸುತ್ತೆಲ್ಲ ಸಡಿಲ. ತೆಳು ಬೈಂಡಿಂಗ್ ತಂತಿ, 22 ಗೇಜ್‌ನದು, ಬಳಸಿ. ಸೆಂಟ್ರಿಂಗ್ ಕೆಲಸದ ದಪ್ಪ ತಂತಿ ಬಿಗಿಯಾಗಿ ಕೂರುವುದಿಲ್ಲ.

ತಂತಿ ಬಳೆಗಿಂತ ಒಳ್ಳೆಯ ಅಡಿಪಾಯ ನಿಮ್ಮ ಊರಲ್ಲೇ ಇದೆ. ಭದ್ರಾ ನಾಲೆಯ ಭತ್ತದ ಹುಲ್ಲು ತಂದು, ಕೊಡದ ಕೆಳಗಿಡುವ ಸಿಂಬೆ ಸುತ್ತುತ್ತೀರಲ್ಲ, ಹಾಗೇ ಸುತ್ತಿ. ಹುಲ್ಲಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿ, ಬೋಗುಣಿಯ ಸುತ್ತ ಹೊಸೆದು, ಒಂದೂವರೆ ಇಂಚು ದಪ್ಪ, 12 ಇಂಚು ಅಗಲದ ಸಿಂಬೆ ಮಾಡಿ ಸೆಣಬಿನ ದಾರ ಬಿಗಿಯಿರಿ. ಒಂದು ದಿನ ಬಿಸಿಲಿಗಿಟ್ಟು ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ.

ಸೊಪ್ಪನ್ನು ಬೆಳಗಿನ ಇಬ್ಬನಿ ಆರುವ ಮುನ್ನ ಕೊಯ್ದು, ಕಡ್ಡಿಯ ಬುಡ ಬಕೆಟ್ ನೀರಿನಲ್ಲಿ ಮುಳುಗುವಂತೆ ಇಡೀ ರಾತ್ರಿ ನಿಲ್ಲಿಸಿ. ಈ ಒಂದು ರಾತ್ರಿಯನ್ನು ಉಳಿಸಲು ಹೋದವರ ರೀತ್‌ಗಳೇ ಮೊದಲು ಬಾಡುವುದು. ಮರುದಿನ ಐದಾರು ಇಂಚಿನ ಕಡ್ಡಿಗಳನ್ನು ನಾಲ್ಕೈದರ ಕಟ್ಟುಗಳಾಗಿ ಜೋಡಿಸಿಕೊಳ್ಳಿ. 12 ಇಂಚಿನ ಸಿಂಬೆಗೆ 18ರಿಂದ 20 ಕಟ್ಟು, ಅಂದಾಜು ಮುಕ್ಕಾಲು ಕೆ.ಜಿ. ಸೊಪ್ಪು ಬೇಕು. ತಂತಿಯನ್ನು ಎಲ್ಲಿಯೂ ತುಂಡರಿಸದೆ ಒಂದೇ ಎಳೆಯಲ್ಲಿ ಸಾಗಿ. ಒಂದೊಂದು ಕಟ್ಟಿನ ಬುಡಕ್ಕೆ ಮೂರು ಸುತ್ತು, ಪ್ರತಿ ಸುತ್ತಿಗೂ ತಂತಿ ಹುಲ್ಲಿನೊಳಗೆ ಕಚ್ಚುವಂತೆ ಜಗ್ಗಿ. ಮುಂದಿನ ಕಟ್ಟು ಎರಡು ಇಂಚು ಹಿಂದೆ ಬಂದು ಹಿಂದಿನದರ ಬುಡ ಮುಚ್ಚಬೇಕು. ಕೊನೆಯ ಕಟ್ಟಿನ ಬುಡವನ್ನು ಮೊದಲ ಕಟ್ಟಿನ ತುದಿ ಎತ್ತಿ ಅದರ ಕೆಳಗೆ ತೂರಿಸಿ. ಕಟ್ಟಿದವರ ಕೈ ಪಳಗಿದೆಯೇ ಎಂಬುದು ಈ ಕೂಡುವ ಜಾಗದಲ್ಲೇ ಗೊತ್ತಾಗುತ್ತದೆ.

ಅಲಂಕಾರಕ್ಕೆ ಪ್ಲಾಸ್ಟಿಕ್ ಚೆಂಡುಗಳ ಹಂಗೇಕೆ? ಬಿರಿದ ಹತ್ತಿ ಕಾಯಿ ಆ ಹೊತ್ತಿಗೆ ಹೊಲದಲ್ಲಿರುತ್ತದೆ. ಚನ್ನಗಿರಿ ಕಡೆಯ ಗೋಟಡಿಕೆ, ಸರ್ವೆ ಕಾಯಿ, ಒಣ ಬ್ಯಾಡಗಿ ಮೆಣಸಿನಕಾಯಿ ಎಲ್ಲ ಕೈಗೆಟುಕುವಂಥವು. ಹಸಿ ಮೆಣಸಿನಕಾಯಿ ಮಾತ್ರ ಬೇಡ, ಕೊಳೆಯುತ್ತದೆ.

60ನ್ನೂ ಒಟ್ಟಿಗೆ ಕಟ್ಟಿಡುವುದನ್ನು ಬಿಡಿ. ಚರ್ಚ್‌ಗಳಲ್ಲಿ ಮೇಜಿನ ಮೇಲೆ ನಾಲ್ಕು ಮೇಣದಬತ್ತಿಯೊಂದಿಗೆ ಇಡುವ ಆಗಮನ ಕಾಲದ ರೀತ್ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕನೇ ಭಾನುವಾರಕ್ಕೇ ಬೇಕು. ಆ ಭಾನುವಾರ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬೀಳುತ್ತದೆ. ಬತ್ತಿಗಳನ್ನು ಸೊಪ್ಪಿಗಿಂತ ಎತ್ತರದ ತಗಡಿನ ಬಟ್ಟಲಲ್ಲಿ ಕೂರಿಸಿ. ಒಣ ಥೂಜಾಗೆ ಬೆಂಕಿ ತಗುಲಿದರೆ ತಡೆಯಲಾಗದು. ಬಾಗಿಲಿನ ರೀತ್‌ಗಳನ್ನು ಡಿಸೆಂಬರ್ 15ರ ನಂತರ, ಮುಂಗಡ ಪಡೆದಷ್ಟೇ ಕಟ್ಟಿ. ಮುಗಿದವನ್ನು ನೆರಳಲ್ಲಿ ಒದ್ದೆ ಗೋಣಿಯ ಕೆಳಗಿಡಿ.

ಪ್ರಶ್ನೆ: ಜೋಗಿಮಟ್ಟಿ ಕಾಡಿನಿಂದ ಸೊಪ್ಪು ತರಬಹುದೇ?
— ಚಿತ್ರದುರ್ಗದ ಓದುಗರು

ಉತ್ತರ: ಬೇಡ. ಅದು ವನ್ಯಜೀವಿ ಧಾಮ, ಒಂದು ಕಡ್ಡಿ ಕೊಯ್ದರೂ ಅಪರಾಧ. ರೈತರ ಹೊಲದ ಸರ್ವೆ, ನೀಲಗಿರಿ, ಸಿಲ್ವರ್ ಓಕ್‌ಗಳನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಕೊಂಡ ಸೊಪ್ಪಿಗೆ ಹೊಲದವರಿಂದ ಒಂದು ಚೀಟಿ ಬರೆಸಿಕೊಂಡಿರಿ.

ಪ್ರಶ್ನೆ: ಕ್ರಿಸ್‌ಮಸ್ ಮರವಾಗಿ ಇಡುವ ಕುಂಡದ ಅರೌಕೇರಿಯಾ ಗಿಡಗಳನ್ನು ಹಬ್ಬಕ್ಕೆ ಬಾಡಿಗೆ ಕೊಡುತ್ತೇನೆ. ಪಕ್ಕದ ರೆಂಬೆ ನೆಟ್ಟು ಮಾಡಿದ ಸಸಿಗಳು ಎರಡು ವರ್ಷವಾದರೂ ಅಡ್ಡಡ್ಡಲೇ ಬೆಳೆಯುತ್ತಿವೆ. ದೊಡ್ಡ ಗಿಡಗಳ ಕೆಳರೆಂಬೆ ಉದುರುತ್ತಿವೆ, ಸುಳಿ ಹಳದಿಯಾಗಿದೆ.
— ಹರಿಹರದ ಓದುಗರು

ಉತ್ತರ: ಆ ಸಸಿಗಳು ನೆಟ್ಟಗಾಗುವುದಿಲ್ಲ, ಕೋಲು ಕಟ್ಟಿ ಕಾಯುವುದೂ ವ್ಯರ್ಥ. ನಾರ್ಫೋಕ್ ದ್ವೀಪ ಮತ್ತು ನ್ಯೂ ಕ್ಯಾಲಿಡೋನಿಯಾ ಮೂಲದ ಈ ಮರಗಳಲ್ಲಿ ಪಕ್ಕದ ರೆಂಬೆ ಬೇರು ಬಿಟ್ಟರೂ ರೆಂಬೆಯಾಗಿಯೇ ಉಳಿಯುತ್ತದೆ. ಬೀಜದಿಂದ ಬೆಳೆಸಿ, ಇಲ್ಲವೇ ಸುಳಿ ಕತ್ತರಿಸಿದ ತಾಯಿಗಿಡದ ಕಾಂಡದಿಂದ ನೆಟ್ಟಗೆ ಏಳುವ ಚಿಗುರನ್ನು ಬೇರು ಬರಿಸಿ. ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ, ತಂದ ವಾರದಲ್ಲೇ ಬಿತ್ತಿ.

ಕೆಳರೆಂಬೆ ಉದುರುವುದು ಬಾಡಿಗೆ ಮನೆಯ ಕತ್ತಲೆಯಿಂದ, ಎಸಿ ಒಣಗಾಳಿಯಿಂದ, ಇಲ್ಲವೇ ಕುಂಡ ಪೂರ್ತಿ ಒಣಗಲು ಬಿಟ್ಟದ್ದರಿಂದ. ಒಮ್ಮೆ ಉದುರಿದ ಜಾಗದಲ್ಲಿ ರೆಂಬೆ ಮತ್ತೆ ಬರುವುದಿಲ್ಲವಾದ್ದರಿಂದ ಆ ನಷ್ಟ ಶಾಶ್ವತ. ಹತ್ತು ದಿನಕ್ಕಿಂತ ಹೆಚ್ಚು ಕೊಡಬೇಡಿ, ಕಿಟಕಿ ಪಕ್ಕ ಇಡುವ ಕರಾರು ಮಾಡಿಕೊಳ್ಳಿ, ಠೇವಣಿ ಪಡೆಯಿರಿ. ವಾಪಸಾದ ಗಿಡವನ್ನು ನೇರ ಬಿಸಿಲಿಗೆ ದೂಡದೆ ಎರಡು ವಾರ 50 ಪ್ರತಿಶತ ನೆರಳು ಪರದೆಯಡಿ ಇಡಿ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿದರೆ ಗಿಡ ಬೆಳಕಿನತ್ತ ವಾಲುವುದಿಲ್ಲ.

ಹೊಸ ಸುಳಿಯೇ ಹಳದಿಯಾದರೆ ಅದು ಕಬ್ಬಿಣದ ಕೊರತೆ. ಗಡಸು ಬೋರ್‌ವೆಲ್ ನೀರು ಕುಂಡದ ಮಣ್ಣನ್ನು ಕ್ಷಾರ ಮಾಡಿ, ಇರುವ ಕಬ್ಬಿಣವನ್ನೂ ಬೇರಿಗೆ ಸಿಗದಂತೆ ಮಾಡುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಮಳೆನೀರು ಹಿಡಿದಿಟ್ಟಿದ್ದರೆ ತಿಂಗಳಿಗೊಮ್ಮೆ ತಳದ ತೂತಿನಿಂದ ಹರಿದುಹೋಗುವಷ್ಟು ಹೊಯ್ದು ಉಪ್ಪು ತೊಳೆಯಿರಿ.

ಸಾಗಿಸುವಾಗ ರೆಂಬೆಗಳನ್ನು ಕೆಳಗಿನಿಂದ ಮೇಲಕ್ಕೆ ಅಗಲ ಬಟ್ಟೆ ಪಟ್ಟಿಯಿಂದ ಸಡಿಲವಾಗಿ ಸುತ್ತಿ, ಸುಳಿಗೆ ಅದಕ್ಕಿಂತ ಒಂದಡಿ ಎತ್ತರದ ಬಿದಿರು ಕಡ್ಡಿ ಕಾವಲಿಡಿ. ಸುಳಿ ಮುರಿದ ಅರೌಕೇರಿಯಾವನ್ನು ಬಾಡಿಗೆ ಸಾಲಿನಿಂದ ತೆಗೆದು ಚಿಗುರಿನ ತಾಯಿಗಿಡದ ಸಾಲಿಗೆ ಸೇರಿಸಿಕೊಳ್ಳಿ.